ಒಳ್ಳೆ ಹಣ್ಣು ಒಂದೇ ಬೀಜಕ್ಕೆ ಸಾಕಾ?

ಎರಡು ಸಂಚಿಕೆ ಹಿಂದೆ ಯಾವುದೋ ಮಾತಿಗೆ "ಬೀಜ ನೀವೇ ಎತ್ತಿಟ್ಕೊಳ್ಳಿ, ಪ್ರತಿ ಸಲ ಪ್ಯಾಕೆಟ್ ಯಾಕೆ ತರ್ತೀರಾ" ಅಂತ ಒಂದು ಸಾಲು ಬರೆದಿದ್ದೆ ಅಷ್ಟೆ. ಆಮೇಲೆ ಬಂದಿರೋ ಮೇಲು, ವಾಯ್ಸ್ ಮೆಸೇಜು ನೋಡಿದ್ರೆ ಆ ಒಂದು ಸಾಲಿಗೆ ಒಂದು ಪೂರ್ತಿ ಸಂಚಿಕೆನೇ ಬೇಕಾಗುತ್ತೆ ಅನ್ನಿಸ್ತು. ಅದಕ್ಕೆ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಬರೀ ಬೀಜದ ಮಾತು. ಒಂದೇ ಪ್ರಶ್ನೆ ನಾಲ್ಕೈದು ಜನ ಕೇಳಿದ್ರೆ ಒಂದನ್ನ ಮಾತ್ರ ಹಾಕಿದೀನಿ, ಬೇಜಾರ್ ಮಾಡ್ಕೋಬೇಡಿ.

ಪ್ರಶ್ನೆ: ಮೇಡಂ, ನಮ್ಮ ಹತ್ರ ಎಂಟು ಟೊಮೆಟೊ ಗಿಡ ಇದೆ. ಅದರಲ್ಲಿ ಒಂದರಲ್ಲಿ ತುಂಬಾ ದೊಡ್ಡ ಹಣ್ಣು ಒಂದು ಬಿಟ್ಟಿತ್ತು, ಅದನ್ನ ಕೀಳದೆ ಹಾಗೇ ಬಿಟ್ಟು ಪೂರ್ತಿ ಹಣ್ಣಾದ ಮೇಲೆ ಅದೊಂದರ ಬೀಜ ಮಾತ್ರ ತೆಗೆದಿಟ್ಟಿದೀನಿ. ಸರಿ ಮಾಡಿದೀನಾ?

ಉತ್ತರ: ಅರ್ಧ ಸರಿ. ಪೂರ್ತಿ ಹಣ್ಣಾಗೋವರೆಗೂ ಕಾದಿದ್ದು ಸರಿ, ಅದೊಂದನ್ನೇ ಎತ್ತಿಟ್ಟಿದ್ದು ತಪ್ಪು. ಇದು ನಿಮ್ಮೊಬ್ಬರ ತಪ್ಪಲ್ಲ, ಬೀಜ ಎತ್ತಿಡೋಕೆ ಶುರು ಮಾಡೋ ಎಲ್ಲರೂ ಮೊದಲು ಮಾಡೋದು ಇದನ್ನೇ, ನಾನೂ ಮಾಡಿದೀನಿ.

ಮೊದಲನೇ ವಿಷಯ, ಹಣ್ಣನ್ನ ನೋಡಿ ಬೀಜ ಆರಿಸ್ಬಾರದು, ಗಿಡ ನೋಡಿ ಆರಿಸ್ಬೇಕು. ಒಂದು ಗಿಡದ ಎಲ್ಲಾ ಹಣ್ಣಿಗೂ ತಾಯಿ ಒಂದೇ ಅಲ್ವಾ, ದೊಡ್ಡ ಹಣ್ಣಿನ ಬೀಜಕ್ಕೂ ಪಕ್ಕದ ಕೊಂಬೆಯ ಸಣ್ಣ ಹಣ್ಣಿನ ಬೀಜಕ್ಕೂ ಗುಣದಲ್ಲಿ ಅಂಥ ವ್ಯತ್ಯಾಸ ಏನೂ ಇರಲ್ಲ. ಆ ಹಣ್ಣು ದೊಡ್ಡದಾಗಿದ್ದು ಬಿಸಿಲು ಚೆನ್ನಾಗಿ ಬಿತ್ತು ಅಂತಲೋ, ಆ ಗೊಂಚಲಲ್ಲಿ ಬೇರೆ ಕಾಯಿ ಉದುರಿಹೋಗಿ ಅದೊಂದೇ ಉಳೀತು ಅಂತಲೋ ಇರಬಹುದು. ಅದೆಲ್ಲ ಬೀಜಕ್ಕೆ ಇಳಿಯಲ್ಲ. ಇಡೀ ಗಿಡ ಹೇಗಿದೆ, ರೋಗ ಬಂತಾ, ನೀರು ಒಂದೆರಡು ದಿನ ತಪ್ಪಿದಾಗ ತಡ್ಕೊಂಡ್ತಾ, ಎಷ್ಟು ದಿನ ಕಾಯಿ ಬಿಡ್ತು, ಇದನ್ನ ನೋಡಿ. ಎಲೆ ಮುದುರಿ ಮಚ್ಚೆ ಬಂದಿರೋ ಗಿಡದ್ದು ಬೇಡ, ಕೆಲವು ವೈರಸ್ ಬೀಜದ ಜೊತೆಗೇ ಮುಂದಿನ ವರ್ಷಕ್ಕೂ ಹೋಗುತ್ತೆ.

ಎರಡನೇದು ಇನ್ನೂ ಮುಖ್ಯ. ಒಂದೇ ಗಿಡದಿಂದ ಬೀಜ ತಗೊಂಡ್ರೆ ಉಳಿದ ಏಳು ಗಿಡದಲ್ಲಿ ಇದ್ದಿದ್ದೆಲ್ಲ ಅಲ್ಲಿಗೇ ಮುಗೀತು. ಅದರಲ್ಲಿ ಒಂದು ಸ್ವಲ್ಪ ಬೇಗ ಹೂ ಬಿಡ್ತಿರಬಹುದು, ಇನ್ನೊಂದು ಮಳೆ ಜಾಸ್ತಿ ಆದ್ರೂ ಹಣ್ಣು ಸೀಳದೆ ಇರ್ತಿರಬಹುದು, ನಿಮಗೆ ಕಣ್ಣಿಗೆ ಕಂಡೂ ಇರಲ್ಲ. ಆನುವಂಶಿಕ ವೈವಿಧ್ಯ ಅಂತ ದೊಡ್ಡ ದೊಡ್ಡ ಮಾತಲ್ಲಿ ಹೇಳ್ತಾರಲ್ಲ, ಅದು ಎಲ್ಲೋ ಕಾಡಲ್ಲಿ ಇರೋ ವಸ್ತು ಅಲ್ಲ, ನಿಮ್ಮ ಎಂಟು ಗಿಡದ ನಡುವೆ ಇರೋ ಈ ಚಿಕ್ಕ ಚಿಕ್ಕ ವ್ಯತ್ಯಾಸನೇ. ಅದಕ್ಕೆ ಚೆನ್ನಾಗಿರೋ ಐದಾರು ಗಿಡದಿಂದ ಒಂದೊಂದು ಹಣ್ಣು ತಗೊಂಡು ಬೀಜ ಕಲಸಿಬಿಡಿ.

ಟೊಮೆಟೊ ಆಗಿದ್ದಕ್ಕೆ ಐದಾರು ಗಿಡ ಅಂದೆ. ಟೊಮೆಟೊ, ಬೀನ್ಸ್, ಬಟಾಣಿ, ಭತ್ತ, ಗೋಧಿ ಇವೆಲ್ಲ ಹೆಚ್ಚಾಗಿ ತಮ್ಮ ಹೂವಿನ ಪರಾಗದಲ್ಲೇ ಕಾಯಿ ಕಟ್ಟೋ ಜಾತಿ, ಕಮ್ಮಿ ಗಿಡದಲ್ಲೂ ನಡೀತದೆ. ಮೆಕ್ಕೆಜೋಳ ಹಾಗಲ್ಲ. ಅದಕ್ಕೆ ಗಾಳಿಯಲ್ಲಿ ಬೇರೆ ಗಿಡದ ಪರಾಗ ಬರಬೇಕು, ನಾಲ್ಕೈದು ತೆನೆಯಿಂದ ಬೀಜ ಮಾಡ್ಕೊಂಡು ಹೋದ್ರೆ ಸಂಬಂಧದೊಳಗೇ ಸಂಬಂಧ ಮಾಡ್ತಾ ಹೋದಂಗೆ ಆಗಿ ಎರಡು ಮೂರು ತಲೆಮಾರಲ್ಲೇ ಗಿಡ ಕುಳ್ಳಾಗುತ್ತೆ, ತೆನೇಲಿ ಕಾಳು ಕಮ್ಮಿ ಆಗುತ್ತೆ. ಮೆಕ್ಕೆಜೋಳಕ್ಕೆ ನೂರು ಗಿಡಕ್ಕಿಂತ ಕಮ್ಮಿ ಇಟ್ಕೊಂಡು ತಳಿ ಉಳಿಸ್ತೀನಿ ಅನ್ನಬೇಡಿ, ಇನ್ನೂರಾದ್ರೆ ಇನ್ನೂ ವಾಸಿ. ಅಷ್ಟು ಜಾಗ ಇಲ್ವಾ, ನಾಲ್ಕು ಮನೆಯವರು ಸೇರಿ ಒಂದೇ ತಳಿ ಹಾಕಿ ಕೊನೇಲಿ ಬೀಜ ಒಟ್ಟು ಮಾಡಿ ಹಂಚ್ಕೊಳ್ಳಿ.

ಹಾಂ, ಟೊಮೆಟೊ ಬೀಜನ ಲೋಳೆ ಸಮೇತ ಒಂದು ಲೋಟದಲ್ಲಿ ಸ್ವಲ್ಪ ನೀರು ಹಾಕಿ ಎರಡು ಮೂರು ದಿನ ಹುಳಿ ಬರೋಕೆ ಬಿಡಿ. ವಾಸನೆ ಬರುತ್ತೆ, ಮನೆಯವರು ಬೈತಾರೆ, ಬೈಸ್ಕೊಳ್ಳಿ. ಆ ಲೋಳೆ ಮೊಳಕೆನ ತಡೆಯೋ ಪದರ, ಅದು ಹೋಗ್ಬೇಕು. ಆಮೇಲೆ ತೊಳೆದು ತಟ್ಟೆ ಮೇಲೆ ನೆರಳಲ್ಲಿ ಒಣಗಿಸಿ, ಪೇಪರ್ ಮೇಲೆ ಹಾಕಿದ್ರೆ ಅಂಟ್ಕೊಳುತ್ತೆ.

ಪ್ರಶ್ನೆ: ಪ್ಯಾಕೆಟ್‌ನಲ್ಲಿ ತಂದ ಹೈಬ್ರಿಡ್ ಮೆಣಸಿನಕಾಯಿ ಸೂಪರ್ ಆಗಿ ಬಂದಿತ್ತು. ಅದರ ಬೀಜ ಹಾಕಿದ್ರೆ ಈ ವರ್ಷ ಒಂದೊಂದು ಗಿಡ ಒಂದೊಂದು ಥರ ಇದೆ, ಒಂದರಲ್ಲಿ ಕಾಯಿ ಉದ್ದ, ಒಂದರಲ್ಲಿ ಗಿಡ್ಡ, ಒಂದರಲ್ಲಿ ಖಾರನೇ ಇಲ್ಲ. ಕಂಪನಿಯವರು ಬೀಜದಲ್ಲಿ ಏನೋ ಮಾಡಿಟ್ಟಿರ್ತಾರಂತೆ, ಹೌದಾ?

ಉತ್ತರ: ಏನೂ ಮಾಡಿಟ್ಟಿಲ್ಲ ಮಾರಾಯ್ರೇ, ಪ್ರಕೃತಿ ತನ್ನ ಲೆಕ್ಕ ಒಪ್ಪಿಸ್ತಾ ಇದೆ. ಹೈಬ್ರಿಡ್ ಅಂದ್ರೆ ಎರಡು ಬೇರೆ ಬೇರೆ ತಳಿಯನ್ನ ಸೇರಿಸಿ ಹುಟ್ಟಿಸಿದ ಮೊದಲನೇ ಸಂತಾನ. ಆ ಮೊದಲನೇ ಸಂತಾನದಲ್ಲಿ ಎಲ್ಲಾ ಗಿಡಾನೂ ಅಚ್ಚಲ್ಲಿ ಹೊಯ್ದಂಗೆ ಒಂದೇ ಥರ ಇರುತ್ತೆ. ಅದರ ಬೀಜ ಹಾಕಿದಾಗ ಅಪ್ಪನ ಕಡೆ ಗುಣ, ಅಮ್ಮನ ಕಡೆ ಗುಣ ಎಲ್ಲ ಇಸ್ಪೀಟು ಕಲಸಿದಂಗೆ ಕಲಸಿ ಹಂಚಿಕೆ ಆಗುತ್ತೆ. ಮೆಂಡೆಲ್ ಅಂತ ಒಬ್ಬ ಪಾದ್ರಿ ಮಠದ ತೋಟದಲ್ಲಿ ಬಟಾಣಿ ಬೆಳೆದು ಇದನ್ನೇ ಎಣಿಸಿ ಎಣಿಸಿ 1866ರಲ್ಲಿ ಪ್ರಕಟ ಮಾಡಿದ್ರು. ಎತ್ತರದ ಗಿಡ ಮೂರಕ್ಕೆ ಕುಳ್ಳ ಗಿಡ ಒಂದು ಅನ್ನೋ ಲೆಕ್ಕ ಸ್ಕೂಲಲ್ಲಿ ಓದಿ ಮರ್ತಿರ್ತೀವಲ್ಲ, ಅದು ಈಗ ನಿಮ್ಮ ಕುಂಡದಲ್ಲಿ ಕಾಣಿಸ್ತಾ ಇದೆ.

ಹೈಬ್ರಿಡ್ ಬೀಜ ಬಂಜೆ, ಮೊಳೆಯೋದೇ ಇಲ್ಲ, ವಿಷ ಅಂತೆಲ್ಲ ಫಾರ್ವರ್ಡ್ ಮೆಸೇಜ್ ಬರುತ್ತಲ್ಲ, ನಂಬಬೇಡಿ. ಮೊಳೆಯುತ್ತೆ, ನಿಮಗೇ ಮೊಳೆದಿದೆ. ಆದ್ರೆ ಹೋದ ವರ್ಷದ ಕಾಯೇ ಮತ್ತೆ ಬೇಕು ಅಂದ್ರೆ ಅದು ಸಿಗಲ್ಲ. ಬೇಕಾದ್ರೆ ಒಂದು ಕೆಲಸ ಮಾಡಬಹುದು, ಇಷ್ಟ ಆದ ಗಿಡಗಳಿಂದ ಬೀಜ ಎತ್ತಿಟ್ಟು, ಮುಂದಿನ ವರ್ಷ ಅದರಲ್ಲಿ ಇಷ್ಟ ಆದದ್ದನ್ನ ಎತ್ತಿಟ್ಟು ಹೀಗೇ ಆರೇಳು ತಲೆಮಾರು ಮಾಡಿದ್ರೆ ಒಂದು ಹದಕ್ಕೆ ಬಂದು ನಿಲ್ಲುತ್ತೆ, ನಿಮ್ಮದೇ ತಳಿ. ತಾಳ್ಮೆ ಇದ್ರೆ ಮಾಡಿ. ನನಗಂತೂ ಮೂರನೇ ವರ್ಷಕ್ಕೆ ಸಾಕಾಗಿತ್ತು. ಶುರುವಿಗೇ ಬೀಜ ಎತ್ತಿಡೋ ಉದ್ದೇಶ ಇದ್ರೆ ನಾಟಿ ತಳಿ ತಗೊಳ್ಳಿ, ಪ್ಯಾಕೆಟ್ ಮೇಲೆ ಎಫ್1 ಅಂತ ಇದ್ರೆ ಅದು ಹೈಬ್ರಿಡ್.

ಪ್ರಶ್ನೆ: ಸೌತೆಕಾಯಿ ಬೀಜ ಎರಡು ಸಲ ಒಣಗಿಸಿಟ್ಟೆ, ಒಂದೂ ಮೊಳೆಯಲಿಲ್ಲ.

ಉತ್ತರ: ತಿನ್ನೋ ಹದದಲ್ಲಿ ಕಿತ್ತಿರ್ತೀರ. ತಿನ್ನೋ ಸೌತೆ ಎಳೇ ಮಗು ಇದ್ದಂಗೆ, ಒಳಗಿನ ಬೀಜ ಬಲಿತಿರಲ್ಲ. ಬಳ್ಳಿಯಲ್ಲೇ ಬಿಟ್ಟು ದಪ್ಪ ಆಗಿ ಹಳದಿ ತಿರುಗಿದ ಮೇಲೂ ಎರಡು ಮೂರು ವಾರ ಹಾಗೇ ಇರಲಿ. ಬದನೆ, ಬೆಂಡೆ, ಹೀರೆ ಎಲ್ಲದಕ್ಕೂ ಇದೇ ಮಾತು, ಬಾಯಿಗೆ ಹದ ಆಗಿದ್ದು ಬೀಜಕ್ಕೆ ಹದ ಅಲ್ಲ.

ಪ್ರಶ್ನೆ: ಒಂದು ಪ್ರಾಮಾಣಿಕ ಅನುಮಾನ. ಹಳೇ ತಳಿ ಹಳೇ ತಳಿ ಅಂತ ಎಲ್ಲರೂ ಭಾವುಕರಾಗ್ತಾರೆ. ಒಳ್ಳೆ ಇಳುವರಿ ಕೊಡೋ ಒಂದು ತಳಿ ಸಿಕ್ಕಿದ ಮೇಲೆ ಎಲ್ಲರೂ ಅದನ್ನೇ ಬೆಳೆದ್ರೆ ತೊಂದರೆ ಏನು? ಹೊಟ್ಟೆ ತುಂಬೋದು ಮುಖ್ಯ ಅಲ್ವಾ?

ಉತ್ತರ: ಹೊಟ್ಟೆ ತುಂಬೋದು ಮುಖ್ಯ, ಅದಕ್ಕೇ ತೊಂದರೆ. ಭಾವುಕತೆ ಬೇಡ, ಮೂರು ಘಟನೆ ಹೇಳ್ತೀನಿ, ಆಮೇಲೆ ನೀವೇ ನೋಡಿ.

ಐರ್ಲೆಂಡಲ್ಲಿ 1840ರ ಸುಮಾರಿಗೆ ಬಡವರ ಊಟ ಅಂದ್ರೆ ಆಲೂಗಡ್ಡೆ, ಅದರಲ್ಲೂ ಬಹಳಷ್ಟು ಜನ ಬೆಳೀತಿದ್ದದ್ದು ಲಂಪರ್ ಅನ್ನೋ ಒಂದೇ ತಳಿ, ಯಾಕಂದ್ರೆ ಅದು ಕೆಟ್ಟ ಮಣ್ಣಲ್ಲೂ ಭರ್ಜರಿಯಾಗಿ ಬರ್ತಿತ್ತು. ಅಂದ್ರೆ ನಿಮ್ಮ ಪ್ರಶ್ನೇಲಿರೋ "ಒಳ್ಳೆ ಇಳುವರಿ ಕೊಡೋ ಒಂದು ತಳಿ" ಅದೇ. ಆಲೂಗಡ್ಡೆನ ಬೀಜದಿಂದ ಬೆಳೆಯಲ್ಲ, ಗಡ್ಡೆ ಕತ್ತರಿಸಿ ನೆಡ್ತಾರೆ, ಹಾಗಾಗಿ ದೇಶದ ಹೊಲ ಹೊಲದಲ್ಲಿದ್ದ ಗಿಡ ಒಂದೇ ಗಿಡದ ತುಂಡುಗಳು ಇದ್ದಂಗೆ. 1845ರಲ್ಲಿ ಅಂಗಮಾರಿ ರೋಗ ಬಂತು. ಒಂದು ಗಿಡಕ್ಕೆ ತಡೆಯೋ ಶಕ್ತಿ ಇಲ್ಲ ಅಂದ್ರೆ ಯಾವುದಕ್ಕೂ ಇಲ್ಲ. ಮುಂದಿನ ಕೆಲವೇ ವರ್ಷದಲ್ಲಿ ಸುಮಾರು 10 ಲಕ್ಷ ಜನ ಸತ್ರು, ಇನ್ನೊಂದು 10 ಲಕ್ಷಕ್ಕೂ ಹೆಚ್ಚು ಜನ ಹಡಗು ಹತ್ತಿ ದೇಶ ಬಿಟ್ಟು ಹೋದ್ರು. ಆಳ್ತಿದ್ದವರ ನಿರ್ದಯೆಯೂ ಅದರಲ್ಲಿ ಸೇರಿತ್ತು, ಬರೀ ರೋಗದ ತಲೆ ಮೇಲೆ ಹಾಕೋಕಾಗಲ್ಲ, ಆದ್ರೆ ಬೆಂಕಿ ಹತ್ಕೊಳ್ಳೋಕೆ ಒಣಹುಲ್ಲು ಒಟ್ಟಿದ್ದು ಈ ಒಂದೇ ತಳಿ.

ಅದು ಹಳೇ ಕಾಲ, ವಿಜ್ಞಾನ ಇರಲಿಲ್ಲ ಅಂತೀರಾ? ಅಮೆರಿಕಾ, 1970. ಹೈಬ್ರಿಡ್ ಮೆಕ್ಕೆಜೋಳದ ಬೀಜ ಮಾಡೋವಾಗ ಗಂಡು ಹೂ ಕೀಳೋ ಕೂಲಿ ಉಳಿಸೋಕೆ, ಪರಾಗನೇ ಬಿಡದ ಒಂದು ಗುಣವನ್ನ ತಾಯಿ ಗಿಡಕ್ಕೆ ಸೇರಿಸಿದ್ರು. ಟೆಕ್ಸಾಸ್‌ನಲ್ಲಿ ಸಿಕ್ಕ ಗುಣ ಅದು, ತುಂಬಾ ಅನುಕೂಲ ಆಯ್ತು, ಎಲ್ಲಾ ಕಂಪನಿಗಳೂ ಅದನ್ನೇ ಬಳಸಿದ್ವು. ಪ್ಯಾಕೆಟ್ ಮೇಲೆ ಹೆಸರು ಬೇರೆ ಬೇರೆ, ಒಳಗೆ ದೇಶದ ಸುಮಾರು 85% ಮೆಕ್ಕೆಜೋಳದಲ್ಲಿ ಅದೊಂದೇ ಗುಣ ಕೂತಿತ್ತು. ಎಲೆ ಅಂಗಮಾರಿ ತರೋ ಶಿಲೀಂಧ್ರದ ಒಂದು ಹೊಸ ಬಗೆ ಬಂದು ಸರಿಯಾಗಿ ಆ ಗುಣ ಇದ್ದ ಗಿಡಗಳನ್ನೇ ಹಿಡೀತು, ಒಂದೇ ವರ್ಷದಲ್ಲಿ ಇಡೀ ದೇಶದ ಬೆಳೆಯಲ್ಲಿ ಸುಮಾರು 15% ಹೋಯ್ತು. ಇಲ್ಲಿ ಗಮನಿಸಬೇಕಾದ್ದು ಏನಂದ್ರೆ, ಅಂಗಡೀಲಿ ಇಪ್ಪತ್ತು ಹೆಸರು ಇದ್ದ ಮಾತ್ರಕ್ಕೆ ವೈವಿಧ್ಯ ಇದೆ ಅಂತ ಅಲ್ಲ. ಬೇರೆ ಗುಣ ಇರೋ ಬೀಜ ಇನ್ನೂ ಕೈಲಿ ಇತ್ತು, ಅದಕ್ಕೇ ಒಂದೆರಡು ವರ್ಷದಲ್ಲಿ ಸುಧಾರಿಸ್ಕೊಂಡ್ರು. ಇಲ್ದಿದ್ರೆ?

ಮೂರನೇದು ಬಾಳೆಹಣ್ಣು. ಪ್ರಪಂಚದಲ್ಲಿ ದೇಶದಿಂದ ದೇಶಕ್ಕೆ ಹಡಗಲ್ಲಿ ಹೋಗೋ ಬಾಳೆ ಮೊದಲು ಗ್ರೋ ಮಿಶೆಲ್ ಅನ್ನೋ ತಳಿ ಆಗಿತ್ತು, ಪನಾಮಾ ಸೊರಗು ರೋಗ ಅದನ್ನ 1950-60ರ ಹೊತ್ತಿಗೆ ವ್ಯಾಪಾರದಿಂದಲೇ ಎತ್ತಿಹಾಕ್ತು. ಆ ರೋಗ ತಡೆಯೋ ಕ್ಯಾವೆಂಡಿಶ್ ಬಂತು. ಬುದ್ಧಿ ಬಂತಾ? ಮತ್ತೆ ಎಲ್ಲಾ ಕಡೆ ಕ್ಯಾವೆಂಡಿಶ್ ಒಂದೇ. ಈಗ ಅದೇ ರೋಗದ ಟಿಆರ್4 ಅನ್ನೋ ಹೊಸ ರೂಪ ಕ್ಯಾವೆಂಡಿಶ್‌ಗೂ ಬರ್ತಾ ಇದೆ, ಒಂದೊಂದೇ ದೇಶ ದಾಟ್ಕೊಂಡು.

ಹೆಚ್ಚು ಇಳುವರಿ ಕೊಡೋ ತಳಿ ಬೇಡ ಅಂತ ನಾನು ಹೇಳ್ತಾ ಇಲ್ಲ, ಬೆಳೆಯಲಿ. ಆದ್ರೆ ಮುಂದಿನ ರೋಗಕ್ಕೆ ಉತ್ತರ ಯಾವ ತಳಿಯಲ್ಲಿದೆ ಅಂತ ರೋಗ ಬರೋಕೆ ಮುಂಚೆ ಯಾರಿಗೂ ಗೊತ್ತಾಗಲ್ಲ, ಹಾಗಾಗಿ ಈಗ ಕೆಲಸಕ್ಕೆ ಬಾರದೇ ಇರೋ ತಳಿಗಳನ್ನೂ ಇಟ್ಕೊಂಡಿರಬೇಕು. ಇದಕ್ಕೆ ನನಗೆ ಬಹಳ ಇಷ್ಟವಾದ ಕಥೆ ಒಂದಿದೆ. ಜ್ಯಾಕ್ ಹಾರ್ಲನ್ ಅನ್ನೋ ಅಮೆರಿಕದ ಸಸ್ಯವಿಜ್ಞಾನಿ 1948ರಲ್ಲಿ ಟರ್ಕಿಯ ಪೂರ್ವಭಾಗದಿಂದ ಒಂದು ಗೋಧಿ ಬೀಜ ತಂದ್ರು. ನೋಡೋಕೆ ದರಿದ್ರ ಗೋಧಿ, ಕಡ್ಡಿ ಸಣ್ಣ, ಉದ್ದ ಬೆಳೆದು ಬಿದ್ದುಹೋಗ್ತಿತ್ತು, ಚಳಿ ತಡೀತಿರಲಿಲ್ಲ, ಬ್ರೆಡ್ಡಿಗೂ ಆಗ್ತಿರಲಿಲ್ಲ. ಒಂದು ನಂಬರ್ ಕೊಟ್ಟು ಮೂಲೇಲಿ ಇಟ್ರು, ಹದಿನೈದು ವರ್ಷ ಯಾರೂ ಅದರ ಕಡೆ ತಿರುಗಿ ನೋಡಲಿಲ್ಲ. 1960ರ ದಶಕದಲ್ಲಿ ಅಮೆರಿಕದ ವಾಯವ್ಯ ಭಾಗದಲ್ಲಿ ಹಳದಿ ತುಕ್ಕು ರೋಗ ಜೋರಾದಾಗ ಹುಡುಕ್ತಾ ಹುಡುಕ್ತಾ ನೋಡಿದ್ರೆ, ಈ ದರಿದ್ರ ಗೋಧಿಗೆ ತುಕ್ಕು ರೋಗದ ನಾಲ್ಕು ಬಗೆ ತಡೆಯೋ ಶಕ್ತಿ ಇತ್ತು, ಕಾಡಿಗೆ ರೋಗದ ಹತ್ತಾರು ಬಗೆ ತಡೆಯೋ ಶಕ್ತಿ ಬೇರೆ. ಆಮೇಲೆ ಆ ಭಾಗದ ಗೋಧಿ ತಳಿಗಳಲ್ಲೆಲ್ಲ ಇದರ ರಕ್ತ ಸೇರ್ತು. ನೀವು ನಾನು ಆ ಹೊಲಕ್ಕೆ ಹೋಗಿದ್ರೆ "ಒಳ್ಳೆ ತೆನೆ" ಆರಿಸ್ತಿದ್ವಿ, ಇದನ್ನ ಬಿಟ್ಟೇ ಬರ್ತಿದ್ವಿ, ಅಲ್ವಾ?

ಪ್ರಶ್ನೆ: ಅಕ್ಕಾ, ನಾರ್ವೆಯಲ್ಲಿ ಹಿಮದ ಗುಡ್ಡದೊಳಗೆ ಪ್ರಪಂಚದ ಬೀಜನೆಲ್ಲ ಇಟ್ಟಿದಾರಂತಲ್ಲ. ಅಷ್ಟೆಲ್ಲ ಇರುವಾಗ ನಾನು ಡಬ್ಬೀಲಿ ಹತ್ತು ಬೀನ್ಸ್ ಕಾಳು ಇಟ್ಕೊಂಡು ಏನ್ ಉದ್ಧಾರ ಮಾಡೋದಿದೆ ಅಂತ ನಮ್ಮಣ್ಣ ಆಡ್ಕೊಳ್ತಾನೆ.

ಉತ್ತರ: ಹತ್ತು ಕಾಳು ಅಂದ್ರೆ ಅಣ್ಣ ಆಡ್ಕೊಳ್ಳೋದು ನ್ಯಾಯನೇ, ಜಾಸ್ತಿ ಇಡಿ. ಆ ನಾರ್ವೆ ಉಗ್ರಾಣದಲ್ಲೂ ಒಂದೊಂದು ಸ್ಯಾಂಪಲ್ ಅಂದ್ರೆ ಸರಾಸರಿ 500 ಬೀಜ ಇರುತ್ತೆ. ಒಂದು ತಳಿ ಅಂದ್ರೆ ಒಂದು ಬೀಜ ಅಲ್ಲ, ಒಂದು ಗುಂಪು ಅನ್ನೋದು ಅಲ್ಲಿ ಕೂತಿರೋರಿಗೂ ಗೊತ್ತು.

ಅದರ ಹೆಸರು ಸ್ವಾಲ್‌ಬಾರ್ಡ್ ಜಾಗತಿಕ ಬೀಜ ಉಗ್ರಾಣ, 2008ರ ಫೆಬ್ರವರಿಯಲ್ಲಿ ಶುರುವಾಯ್ತು. ಉತ್ತರ ಧ್ರುವದಿಂದ ಸುಮಾರು 1300 ಕಿಲೋಮೀಟರ್ ದೂರದ ದ್ವೀಪದಲ್ಲಿ ಬೆಟ್ಟ ಕೊರೆದು ಮಾಡಿದ್ದು, ಒಳಗೆ ಮೈನಸ್ 18 ಡಿಗ್ರಿ, ಈಗ 13 ಲಕ್ಷಕ್ಕೂ ಹೆಚ್ಚು ಸ್ಯಾಂಪಲ್ ಇದೆ. ಆದ್ರೆ ಅದು ಅಂಗಡಿ ಅಲ್ಲ, ಬೇರೆ ಬೇರೆ ದೇಶದ ಜೀನ್ ಬ್ಯಾಂಕುಗಳು, ಅಂದ್ರೆ ತಳಿಗಳ ಬೀಜ ಕಾಪಾಡೋ ಸಂಸ್ಥೆಗಳು, ಇಡೋ ಎರಡನೇ ಕಾಪಿ, ನಾವು ಫೋಟೋನ ಇನ್ನೊಂದು ಹಾರ್ಡ್ ಡಿಸ್ಕಲ್ಲಿ ಹಾಕಿಡ್ತೀವಲ್ಲ ಹಂಗೆ. ಯಾರು ಇಟ್ರೋ ಅವರೇ ತೆಗೀಬೇಕು. ಮೊದಲ ಸಲ ಹಾಗೆ ತೆಗೆದಿದ್ದು 2015ರಲ್ಲಿ. ಸಿರಿಯಾದ ಅಲೆಪ್ಪೊ ಹತ್ರ ಇಕಾರ್ಡಾ ಅನ್ನೋ ಒಣಭೂಮಿ ಬೆಳೆಗಳ ಸಂಸ್ಥೆಯ ದೊಡ್ಡ ಬೀಜ ಸಂಗ್ರಹ ಇತ್ತು, ಯುದ್ಧದಲ್ಲಿ ಅಲ್ಲಿ ಕೆಲಸ ಮಾಡೋಕೇ ಆಗಲ್ಲ ಅನ್ನೋ ಸ್ಥಿತಿ ಬಂತು. ಅವರು ಸ್ವಾಲ್‌ಬಾರ್ಡ್‌ನಿಂದ ತಮ್ಮ ಬೀಜ ವಾಪಸ್ ತರಿಸ್ಕೊಂಡು ಲೆಬನಾನ್ ಮತ್ತೆ ಮೊರಾಕ್ಕೊದಲ್ಲಿ ಬೆಳೆದು, ಬೀಜ ಹೆಚ್ಚು ಮಾಡಿ, 2017ರಿಂದ ಮತ್ತೆ ಉಗ್ರಾಣಕ್ಕೂ ವಾಪಸ್ ಇಟ್ರು. ಅಲ್ಲೂ ಕೊನೆಗೆ ಬೀಜ ಉಳಿದಿದ್ದು ಯಾರೋ ಹೊಲದಲ್ಲಿ ಬಿತ್ತಿ ಬೆಳೆದಿದ್ದಕ್ಕೆ ಅನ್ನೋದನ್ನ ಅಣ್ಣಂಗೆ ಹೇಳಿ.

ಈ ಜೀನ್ ಬ್ಯಾಂಕ್ ಕೆಲಸಕ್ಕೆ ಪ್ರಾಣ ಕೊಟ್ಟೋರಿದಾರೆ. ರಷ್ಯಾದ ನಿಕೊಲಾಯ್ ವವಿಲೋವ್ ದೇಶ ದೇಶ ಅಲೆದು ಲಕ್ಷಗಟ್ಟಲೆ ಬೀಜದ ಸ್ಯಾಂಪಲ್ ಲೆನಿನ್‌ಗ್ರಾಡ್‌ನ ಸಂಸ್ಥೆಗೆ ತಂದು ಜೋಡಿಸಿದವರು. 1941ರಿಂದ 44ರವರೆಗೆ ಜರ್ಮನ್ ಸೈನ್ಯ ಆ ನಗರಕ್ಕೆ ಮುತ್ತಿಗೆ ಹಾಕಿದಾಗ ಊರಿಗೇ ಊಟ ಇಲ್ಲ, ಸಂಸ್ಥೆಯೊಳಗೆ ಭತ್ತ, ಗೋಧಿ, ಕಡಲೆಕಾಯಿ, ಆಲೂಗಡ್ಡೆ ಎಲ್ಲ ಇತ್ತು. ಅದನ್ನ ಕಾಯ್ತಿದ್ದ ವಿಜ್ಞಾನಿಗಳಲ್ಲಿ ಹಲವರು ಆ ಬೀಜ ಮುಟ್ಟದೆ ಹಸಿವಿಂದ ಸತ್ತುಹೋದ್ರು. ವವಿಲೋವ್ ಅವರೇ ಅಷ್ಟೊತ್ತಿಗೆ ಸ್ಟಾಲಿನ್ ಸರ್ಕಾರದ ಜೈಲಲ್ಲಿದ್ರು, 1943ರ ಜನವರಿಯಲ್ಲಿ ಸರಾಟೊವ್ ಜೈಲಲ್ಲಿ ತೀರ್ಕೊಂಡ್ರು. ಪ್ರಪಂಚಕ್ಕೆ ಅನ್ನದ ಬೀಜ ಕೂಡಿಟ್ಟ ಮನುಷ್ಯ ಜೈಲಲ್ಲಿ ಊಟ ಇಲ್ದೆ ಸೊರಗಿ ಹೋದ್ರು, ಇದನ್ನ ಪ್ರತಿ ಸಲ ಬರೆಯುವಾಗಲೂ ಕೈ ನಿಲ್ಲುತ್ತೆ.

ಸರಿ, ನಿಮ್ಮ ಡಬ್ಬಿ. ನಿಮ್ಮ ಡಬ್ಬಿಯಿಂದ ಪ್ರಪಂಚ ಉದ್ಧಾರ ಆಗಲ್ಲ. ಆದ್ರೆ ಫ್ರೀಜರ್ ಮಾಡೋಕಾಗದ ಒಂದು ಕೆಲಸ ನಿಮ್ಮ ಹಿತ್ತಲು ಮಾಡುತ್ತೆ. ಮೈನಸ್ 18ರಲ್ಲಿರೋ ಬೀಜ ಇಟ್ಟ ದಿನ ಹೇಗಿತ್ತೋ ಹಂಗೇ ನಿದ್ದೆ ಮಾಡ್ತಾ ಇರುತ್ತೆ, ಹೊರಗೆ ಬಿಸಿಲು ಏರ್ತಾ ಇದೆ, ಹುಳ ಬದಲಾಗ್ತಾ ಇದೆ, ರೋಗ ಹೊಸ ವೇಷ ಹಾಕ್ತಾ ಇದೆ, ಅದಕ್ಕೆ ಯಾವುದೂ ಗೊತ್ತಿಲ್ಲ. ಪ್ರತಿ ವರ್ಷ ಮಣ್ಣಿಗೆ ಬೀಳೋ ಬೀಜಕ್ಕೆ ಗೊತ್ತಾಗುತ್ತೆ. ಈ ವರ್ಷದ ಬಿಸಿಲು ತಡ್ಕೊಂಡ ಗಿಡದ್ದೇ ಬೀಜ ಮುಂದಕ್ಕೆ ಹೋಗೋದ್ರಿಂದ ತಳಿ ನಿಧಾನಕ್ಕೆ ನಿಮ್ಮ ಮಣ್ಣಿಗೆ ಒಗ್ಗುತ್ತೆ. ಎರಡೂ ಬೇಕು, ಒಂದು ಇನ್ನೊಂದಕ್ಕೆ ಬದಲಿ ಅಲ್ಲ.

ಪ್ರಶ್ನೆ: ಇದು ತುರ್ತು. ಹೋದ ವರ್ಷದ ಸೋರೆಕಾಯಿ ಬೀಜ ಹಾಕಿದ್ದೆ, ಈ ಸಲ ಕಾಯಿ ಕಹಿ ಬಂದಿದೆ. ಪಕ್ಕದಲ್ಲಿ ಹಾಗಲ ಬಳ್ಳಿ ಇತ್ತು, ಅದರ ಗಾಳಿಗೆ ಹೀಗಾಯ್ತು ಅಂತಾರೆ. ಉಪ್ಪು ಹಾಕಿ ಹಿಂಡಿ ಮಾಡಿದ್ರೆ ತಿನ್ನಬಹುದಾ?

ಉತ್ತರ: ತಿನ್ನಬೇಡಿ. ಉಪ್ಪು ಹಾಕಿದ್ರೂ ಬೇಡ, ಬೇಯಿಸಿದ್ರೂ ಬೇಡ, ಜ್ಯೂಸ್ ಅಂತೂ ಬೇಡವೇ ಬೇಡ. ಸೋರೆ, ಕುಂಬಳ, ಸೌತೆ ಜಾತಿಯಲ್ಲಿ ಕಹಿ ಅಂದ್ರೆ ಕುಕುರ್ಬಿಟಾಸಿನ್ ಅನ್ನೋ ವಿಷ, ಬೇಯಿಸಿದ್ರೆ ಹೋಗಲ್ಲ, ವಾಂತಿ ಭೇದಿ ಆಗಿ ಆಸ್ಪತ್ರೆ ಸೇರಿದೋರು, ಸತ್ತೋರೂ ಇದಾರೆ. ಈಗಾಗಲೇ ತಿಂದು ಹೊಟ್ಟೆ ನೋವು ವಾಂತಿ ಬಂದಿದ್ರೆ ಇದನ್ನ ಓದ್ತಾ ಕೂರಬೇಡಿ, ಡಾಕ್ಟರ ಹತ್ರ ಹೋಗಿ ಸೋರೆ ಕಹಿ ಇತ್ತು ಅಂತ ಹೇಳಿ.

ಹಾಗಲದ ಮೇಲೆ ತಪ್ಪು ಹೊರಿಸಬೇಡಿ, ಹಾಗಲಕ್ಕೂ ಸೋರೆಗೂ ಬೆರಕೆ ಆಗಲ್ಲ, ಜಾತಿನೇ ಬೇರೆ. ಇನ್ನೊಂದು ಸೂಕ್ಷ್ಮ ಇದೆ, ಈ ವರ್ಷ ಯಾವ ಪರಾಗ ಬಂದು ಬಿದ್ರೂ ಈ ವರ್ಷದ ಸೋರೆಕಾಯಿಯ ರುಚಿ ಬದಲಾಗಲ್ಲ, ಕಾಯಿಯ ಮಾಂಸ ತಾಯಿ ಗಿಡದ್ದು. ಬದಲಾಗೋದು ಒಳಗಿನ ಬೀಜ. ಹಾಗಾಗಿ ಬೆರಕೆನೇ ಕಾರಣ ಆಗಿದ್ರೆ ಅದು ಆಗಿರೋದು ಹೋದ ವರ್ಷ, ಎಲ್ಲೋ ಬೇಲಿ ಮೇಲೆ ಹಬ್ಬಿದ್ದ ಕಹಿ ಸೋರೆಯ ಪರಾಗನ ದುಂಬಿಯೋ ಚಿಟ್ಟೆಯೋ ತಂದು ಹಾಕಿರುತ್ತೆ, ಅದರ ಫಲ ಈಗ ಕಾಣಿಸ್ತಿದೆ. ಆ ಬಳ್ಳಿ ಕಿತ್ತುಹಾಕಿ, ಹೋದ ವರ್ಷದ ಉಳಿದ ಬೀಜನೂ ಇಟ್ಕೋಬೇಡಿ, ಯಾರಿಗೂ ಕೊಡಬೇಡಿ.

ಮುಂದಿನ ಸಲ ಬಳ್ಳಿ ತರಕಾರಿ ಬೀಜ ಮಾಡುವಾಗ ಪರಾಗ ನೀವೇ ಹಾಕಿ. ನಾಳೆ ಅರಳೋ ಹೂ ಯಾವುದು ಅಂತ ಹಿಂದಿನ ದಿನವೇ ಗೊತ್ತಾಗುತ್ತೆ, ಮೊಗ್ಗು ಉಬ್ಬಿ ತುದಿ ಬಣ್ಣ ತಿರುಗಿರುತ್ತೆ. ಹೆಣ್ಣು ಹೂ ಅಂದ್ರೆ ಬುಡದಲ್ಲಿ ಪುಟ್ಟ ಕಾಯಿ ಇರೋದು. ಒಂದು ಹೆಣ್ಣು ಮೊಗ್ಗು, ಬೇರೆ ಬಳ್ಳಿಯ ಎರಡು ಗಂಡು ಮೊಗ್ಗು, ಮೂರರ ಬಾಯನ್ನೂ ದಾರ ಸುತ್ತಿ ಅಥವಾ ಟೇಪ್ ಹಾಕಿ ಮುಚ್ಚಿಬಿಡಿ, ರಾತ್ರಿ ಯಾವ ಹುಳಾನೂ ಒಳಗೆ ಹೋಗಬಾರದು. ಕುಂಬಳ ಬೆಳಿಗ್ಗೆ ಅರಳುತ್ತೆ, ಸೋರೆ ಸಂಜೆ ಅರಳುತ್ತೆ, ಆ ಹೊತ್ತಿಗೆ ಹೋಗಿ ಗಂಡು ಹೂವಿನ ದಳ ಕಿತ್ತು, ಹೆಣ್ಣು ಹೂ ಬಿಚ್ಚಿ, ಮಧ್ಯದ ಅಂಟು ತುದಿಗೆ ಪರಾಗ ಉಜ್ಜಿ, ಮತ್ತೆ ಮುಚ್ಚಿ. ತೊಟ್ಟಿಗೆ ಒಂದು ಬಣ್ಣದ ದಾರ ಕಟ್ಟೋದು ಮರೀಬೇಡಿ. ನಾನು ಒಂದು ವರ್ಷ ಇಷ್ಟೆಲ್ಲ ಮಾಡಿ ದಾರ ಕಟ್ಟದೆ, ಮನೆಯವರು ಸರಿಯಾಗಿ ಅದೇ ಕಾಯಿ ಕಿತ್ತು ಅಡುಗೆ ಮಾಡಿದ್ರು, ರುಚಿಯಾಗಿತ್ತು ಅನ್ನೋದೊಂದೇ ಸಮಾಧಾನ.

ಪ್ರಶ್ನೆ: ಕಾಳಿನ ಡಬ್ಬಿ ತೆಗೆದ್ರೆ ಬರೀ ತೂತು, ಪುಡಿ. ಡಬ್ಬಿ ಗಾಳಿ ಆಡದಂಗೆ ಮುಚ್ಚಿದ್ದೆ, ಹುಳ ಎಲ್ಲಿಂದ ಬಂತು?

ಉತ್ತರ: ನೀವೇ ಒಳಗೆ ಹಾಕಿ ಮುಚ್ಚಿದ್ದು. ಆ ಹುಳ ಹೊಲದಲ್ಲೇ ಕಾಯಿ ಮೇಲೆ ಮೊಟ್ಟೆ ಇಟ್ಟಿರುತ್ತೆ, ಮರಿ ಕಾಳಿನೊಳಗೆ ಕೂತಿರುತ್ತೆ, ಕಣ್ಣಿಗೆ ಕಾಣಲ್ಲ. ಕಾಳು ಹಲ್ಲಲ್ಲಿ ಕಚ್ಚಿದ್ರೆ ಟಕ್ ಅಂತ ಒಡೀಬೇಕು, ಅಷ್ಟು ಒಣಗಿದ ಮೇಲೆ ಮುಚ್ಚಿದ ಬಾಟಲಿನ ಒಂದು ವಾರ ಫ್ರೀಜರಲ್ಲಿ ಇಡಿ, ಮೊಟ್ಟೆ ಮರಿ ಎಲ್ಲ ಸಾಯುತ್ತೆ. ಸರಿಯಾಗಿ ಒಣಗಿಸದೆ ಫ್ರೀಜರಲ್ಲಿಟ್ರೆ ಹುಳದ ಜೊತೆ ಬೀಜನೂ ಸಾಯುತ್ತೆ, ಹುಷಾರು. ಹೊರಗೆ ತೆಗೆದ ಮೇಲೆ ತಣ್ಣಗಿರೋವಾಗಲೇ ಮುಚ್ಚಳ ತೆಗೆದ್ರೆ ಒಳಗೆ ನೀರು ಕಟ್ಟುತ್ತೆ, ಒಂದು ರಾತ್ರಿ ಹಂಗೇ ಬಿಡಿ.

ಬೀಜದ ಆಯಸ್ಸಿಗೆ ಶತ್ರು ಎರಡೇ, ತೇವ ಮತ್ತೆ ಬಿಸಿ. ಬೀಜದಲ್ಲಿರೋ ತೇವ 1% ಕಮ್ಮಿ ಮಾಡಿದ್ರೆ ಆಯಸ್ಸು ಸುಮಾರು ಎರಡರಷ್ಟು, ಇಡೋ ಜಾಗದ ಬಿಸಿ 5 ಡಿಗ್ರಿ ಇಳಿಸಿದ್ರೆ ಮತ್ತೆ ಎರಡರಷ್ಟು, ಇದು ಬೀಜದೋರು ಬಳಸೋ ಅಂದಾಜು ಲೆಕ್ಕ. ಹೊಸ ಶೂ ಡಬ್ಬೀಲಿ ಬರೋ ಸಿಲಿಕಾ ಜೆಲ್ ಚೀಟಿ ಎಸೀಬೇಡಿ, ಬೀಜದ ಬಾಟಲಿಗೆ ಹಾಕಿ. ಇಷ್ಟು ಮಾಡಿದ್ರೂ ಈರುಳ್ಳಿ ಬೀಜ ಒಂದೆರಡು ವರ್ಷಕ್ಕೆ ಮುಗಿಯುತ್ತೆ, ಬೀನ್ಸ್ ಮೂರ್ನಾಲ್ಕು ವರ್ಷ, ಟೊಮೆಟೊ ಸೌತೆ ಐದು ವರ್ಷದವರೆಗೂ ಬರುತ್ತೆ.

ಪ್ರಶ್ನೆ: ಇದೇ ಥರ ಮಾವಿನ ಓಟೆ, ಹಲಸಿನ ಬೀಜ ಒಣಗಿಸಿ ಫ್ರಿಜ್ಜಲ್ಲಿ ಇಟ್ಟಿದೀನಿ, ಮುಂದಿನ ವರ್ಷ ಹಾಕಬಹುದಾ?

ಉತ್ತರ: ಸತ್ತಿವೆ. ಎಲ್ಲಾ ಬೀಜನೂ ಒಣಗಿಸೋಕಾಗಲ್ಲ, ಮಾವು, ಹಲಸು, ತೆಂಗು, ಕೋಕೋ ಇವಕ್ಕೆಲ್ಲ ಒಣಗಿದ್ರೆ ಪ್ರಾಣ ಹೋಗುತ್ತೆ, ಮಾವು ಹಲಸನ್ನಂತೂ ಹಣ್ಣಿಂದ ತೆಗೆದ ಕೆಲವೇ ದಿನದಲ್ಲಿ ಮಣ್ಣಿಗೆ ಹಾಕಬೇಕು. ಇಂಥ ಬೆಳೆಗಳ ತಳಿಯನ್ನ ದೊಡ್ಡ ಸಂಸ್ಥೆಗಳೂ ಡಬ್ಬೀಲಿ ಇಡಲ್ಲ, ಹೆಚ್ಚಾಗಿ ಮರ ಬೆಳೆಸೇ ಕಾಪಾಡ್ತಾರೆ, ಅದಕ್ಕೇ ಒಂದು ಹಳೇ ಮಾವಿನ ಮರ ಕಡಿಯೋಕೆ ಮುಂಚೆ ಅದರ ಕಡ್ಡಿ ತಗೊಂಡು ಕಸಿ ಮಾಡ್ಕೊಳ್ಳಿ ಅನ್ನೋದು.

ಪ್ರಶ್ನೆ: ನಮ್ಮಜ್ಜಿ ತೀರ್ಕೊಂಡ ಮೇಲೆ ಅವರ ಪೆಟ್ಟಿಗೇಲಿ ಬಟ್ಟೆ ಗಂಟಲ್ಲಿ ಒಂದು ಹಿಡಿ ಕಾಳು ಸಿಕ್ತು, ಕಂದು ಬಣ್ಣ, ಮೇಲೆ ಬಿಳಿ ಚುಕ್ಕೆ, ಅವರೆ ಜಾತಿ ಇರಬೇಕು. ಹೆಸರು ಗೊತ್ತಿಲ್ಲ, ಎಷ್ಟು ವರ್ಷದ್ದು ಅಂತಾನೂ ಗೊತ್ತಿಲ್ಲ. ಬಿತ್ತಬಹುದಾ, ಇಲ್ಲ ನೆನಪಿಗೆ ಹಂಗೇ ಇಟ್ಕೊಳ್ಳಲಾ?

ಉತ್ತರ: ಬಿತ್ತಿ, ಈ ಹಂಗಾಮಲ್ಲೇ ಬಿತ್ತಿ, ನೆನಪಿಗೆ ಅಂತ ಐದು ಕಾಳು ಬೇಕಾದ್ರೆ ಇಟ್ಕೊಳ್ಳಿ. ಆದ್ರೆ ಒಂದೇ ಸಲ ಎಲ್ಲ ಬಿತ್ತಬೇಡಿ, ಮಳೆನೋ ಇಲಿನೋ ಬಂದ್ರೆ ಅಜ್ಜಿಯ ಕಾಳು ಅಲ್ಲಿಗೆ ಮುಗೀತು. ಮೊದಲು ಹತ್ತು ಕಾಳನ್ನ ಒದ್ದೆ ಬಟ್ಟೇಲಿ ಸುತ್ತಿ ಬೆಚ್ಚಗಿರೋ ಜಾಗದಲ್ಲಿಡಿ, ಬಟ್ಟೆ ಒಣಗದಂಗೆ ನೋಡ್ಕೊಳ್ಳಿ, ಒಂದು ವಾರ ಹತ್ತು ದಿನ ಕಾಯಿರಿ. ಏಳೆಂಟು ಮೊಳೆತ್ರೆ ಆರಾಮ, ಅರ್ಧ ಬಿತ್ತಿ ಅರ್ಧ ಇಟ್ಕೊಳ್ಳಿ. ಎರಡೋ ಮೂರೋ ಮೊಳೆತ್ರೆ ಬೀಜ ಸಾಯ್ತಾ ಇದೆ ಅಂತ ಅರ್ಥ, ಆಗ ಕಾಯೋಕೆ ಟೈಮ್ ಇಲ್ಲ, ಮೊಳೆತದ್ದನ್ನೂ ಬಟ್ಟೆಯಿಂದ ತೆಗೆದು ಹುಷಾರಾಗಿ ಕುಂಡಕ್ಕೆ ಹಾಕಿ, ಉಳಿದಿದ್ದನ್ನೂ ಹೆಚ್ಚಾಗಿ ಬಿತ್ತಿಬಿಡಿ. ಗಿಡ ಎಷ್ಟೇ ಬರಲಿ, ಅದರಲ್ಲಿ ಬಡಕಲು ಕಂಡದ್ದನ್ನ ಕೀಳೋಕೆ ಹೋಗಬೇಡಿ, ಆ ಗೋಧಿ ಕಥೆ ನೆನಪಿದ್ಯಲ್ಲ, ಇಷ್ಟು ಕಮ್ಮಿ ಇದ್ದಾಗ ಆರಿಸೋ ಹಕ್ಕು ನಮಗಿಲ್ಲ. ಎಲ್ಲಾ ಗಿಡದಿಂದಲೂ ಸಮ ಸಮ ಬೀಜ ತಗೊಳ್ಳಿ.

ಮೊದಲನೇ ವರ್ಷ ಒಂದು ಕಾಯೂ ಅಡುಗೆಮನೆಗೆ ಹೋಗಬಾರದು. ಬಂದ ಬೀಜದಲ್ಲಿ ಒಂದು ಪಾಲು ಬೇರೆ ಮನೇಲಿ, ನಿಮ್ಮ ಮನೆಗೆ ಏನಾದ್ರೂ ಆದ್ರೂ ಉಳಿಯೋ ಅಷ್ಟು ದೂರದಲ್ಲಿ ಇರೋರಿಗೆ ಕೊಡಿ, ಬೆಳೆಯೋರಿಗೇ ಕೊಡಿ, ಸುಮ್ನೆ ಶೋಕಿಗೆ ಬಾಟಲಲ್ಲಿ ಇಟ್ಕೊಳ್ಳೋರಿಗಲ್ಲ. ಚೀಟೀಲಿ ತಾರೀಕು, ಎಷ್ಟು ಗಿಡದಿಂದ ತೆಗೆದದ್ದು, ಹೂ ಯಾವ ಬಣ್ಣ, ಎಷ್ಟು ದಿನಕ್ಕೆ ಕಾಯಿ ಬಂತು ಅಂತ ಬರೀರಿ. ಹೆಸರು ಗೊತ್ತಿಲ್ಲ ಅಂದ್ರಲ್ಲ, ಇಂಟರ್ನೆಟ್ಟಲ್ಲಿ ಫೋಟೋ ನೋಡಿ ಹೋಲುವ ಹೆಸರು ಒಂದನ್ನ ಅಂಟಿಸ್ಬೇಡಿ, ಆಮೇಲೆ ಎರಡು ಬೇರೆ ತಳಿ ಒಂದೇ ಹೆಸರಲ್ಲಿ ಓಡಾಡಿ ಗೊಂದಲ ಆಗುತ್ತೆ. ಅಜ್ಜಿ ಹೆಸರೇ ಬರೀರಿ. ಎಷ್ಟು ಮೊಳೀತು ಅಂತ ಮಾತ್ರ ನನಗೊಂದು ಮೆಸೇಜ್ ಹಾಕಿ.